ಗಾಣ ಹೂಡದ ಮಳೆಗಾಲದಲ್ಲಿ ಬೆಲ್ಲದ ವಾಸನೆ

ಸಮರ್ಥ, ಶ್ರಾವಣಿ,

ಇದನ್ನು ಮೊಮ್ಮಕ್ಕಳಾದ ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಶ್ರಾವಣಿ, ನೀನು ಓದಿ ಹೇಳು. ಅಣ್ಣನಿಗೆ ಅಕ್ಷರ ನಿಧಾನವಾಗಿ ಹತ್ತುತ್ತವೆ, ಅವಸರ ಮಾಡಬೇಡ. ನಿಮ್ಮ ಆಯಿ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಬೀಗರು ಬಂದರೆ ಸೆರಗು ಎಳೆದುಕೊಂಡು ಅಡುಗೆಮನೆಯಲ್ಲೇ ಉಳಿಯುವವಳು. ಆದರೆ ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ. ಬಾಯಲ್ಲಿ ಬರದ ಮಾತು ಕೈಯಲ್ಲಿ ಬರುತ್ತದೆ.

ಹೋದ ವಾರ ಸಮರ್ಥನಿಗೆ ಜ್ವರ ಬಂದಿತ್ತಲ್ಲ. ಬೆಳಿಗ್ಗೆ ಅವನ ಚಾದರವನ್ನು ಒಗೆಯಲು ಎತ್ತಿಕೊಂಡೆ. ಮೂಗಿಗೆ ಬೆಲ್ಲದ ವಾಸನೆ ಬಡಿಯಿತು. ಕೊಪ್ಪರಿಗೆಯ ತಳ ಹಿಡಿದು ಇನ್ನೇನು ಸೀಯುತ್ತದೆ ಅನ್ನುವ ಹೊತ್ತಿನ ಬೆಲ್ಲ. ಚಾದರ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ. ನಿಮ್ಮ ಅವ್ವ ಸವಿತಾ ಕಟ್ಟೆಯ ಮೇಲಿಂದ ನೋಡಿದಳು.

"ಬಂತೇನ್ರಿ ಅತ್ತಿ?"

"ಬಂತು."

ಅಷ್ಟೇ ಮಾತು. ಅವಳು ಯಾವಾಗಲೂ ಕಟ್ಟಿಟ್ಟಿರುವ ಚೀಲವನ್ನು ಹೆಗಲಿಗೆ ಹಾಕಿದಳು, ನಿಮ್ಮ ಅಪ್ಪ ಗಾಡಿ ತೆಗೆದ. ನಾಲ್ಕು ದಿನಕ್ಕೆ ಸಮರ್ಥ ದವಾಖಾನೆಯಿಂದ ನಗುತ್ತ ಬಂದ. ನನಗೆ ಮಾತ್ರ ಆ ವಾಸನೆ ಬಿಡಲಿಲ್ಲ. ಸಮರ್ಥ ಹುಟ್ಟಿದ ವರ್ಷಕ್ಕೆ ಅದು ನನ್ನನ್ನು ಕುತ್ತಿಗೆ ಹಿಡಿದು ಎಳೆದುಕೊಂಡು ಹೋಯಿತು. ಆ ವರ್ಷ, ಅದರ ಹಿಂದಿನ ವರ್ಷ ನಮ್ಮ ಮನೆಯಲ್ಲಿ ಯಾರ ಕೈ ಯಾರ ಮೇಲೆ ಎದ್ದಿತು ಎಂದು ನಿಮಗೆ ಯಾರೂ ಹೇಳಿಲ್ಲ. ಇನ್ನೂ ಸುಮ್ಮನಿದ್ದರೆ ಅದೇ ತಪ್ಪು ಮತ್ತೊಮ್ಮೆ ನಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಮ್ಮದು ಸ್ವಂತ ಕಬ್ಬಿನ ಗಾಣ. ಊರ ಹೊರಗೆ, ಘಟಪ್ರಭೆಯ ಕಡೆಗೆ ಇಳಿಯುವ ಹೊಲದಲ್ಲಿ. ದೀಪಾವಳಿ ಮುಗಿದು ಒಲೆ ಹೊತ್ತಿದರೆ ಶಿವರಾತ್ರಿಯವರೆಗೆ ಆರುತ್ತಿರಲಿಲ್ಲ. ಬೆಲ್ಲದ ಹದ ನೋಡುವುದರಲ್ಲಿ ನಿಮ್ಮ ಅಜ್ಜ ಹೆಸರಾದವರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಮೂಗಿಗೆ ಬಂತು. ಗಂಡಸರ ನಡುವೆ ಮುಖ ಎತ್ತದ ನಾನು ಹೊಗೆಯ ಮರೆಯಲ್ಲಿ ನಿಂತು, ವಾಸನೆಯ ಮೇಲೆ ಒಂದೇ ಮಾತು ಹೇಳುತ್ತಿದ್ದೆ: "ಇಳಸ್ರಿ." ತುಸು ತಡವಾದರೆ ಬೆಲ್ಲ ಕಪ್ಪಾಗುತ್ತದೆ, ತುಸು ಮೊದಲಾದರೆ ಗಟ್ಟಿಯಾಗಿ ಪೆಂಟೆ ಕಟ್ಟುವುದಿಲ್ಲ. ನನ್ನ ಮೂಗು ತಪ್ಪಿದ್ದಿಲ್ಲ ಎಂಬ ಸೊಕ್ಕು ನನಗೆ ಒಳಗೇ ಇತ್ತು.

ಮನೆಯ ಯಜಮಾನಿಕೆ ನಿಮ್ಮ ಅಜ್ಜನ ತಮ್ಮ ಈರಪ್ಪನದು. ಸಿಟ್ಟಿನ ಮನುಷ್ಯ. ಎತ್ತು ಮಾತು ಕೇಳದಿದ್ದರೆ ಮುಷ್ಟಿಯಿಂದ ಅದರ ಮೋರೆಗೆ ಗುದ್ದುತ್ತಿದ್ದ.

ಸವಿತಾ ನನ್ನ ಸ್ವಂತ ಅಣ್ಣನ ಮಗಳು, ಬೀಳಗಿಯವಳು. ಅವಳು ತೊಟ್ಟಿಲಲ್ಲಿದ್ದಾಗಲೇ ನಾನು ಹೋಗಿ ಆ ಸಣ್ಣ ಕೈಗಳಿಗೆ ಹಸಿರು ಬಳೆ ತೊಡಿಸಿ, "ಇಕಿ ನಮ್ಮ ಮನಿ ಸೊಸಿ" ಅಂದು ಬಂದಿದ್ದೆ. ನಮ್ಮಲ್ಲಿ ಅದು ಹೊಸದೇನಲ್ಲ. ನನ್ನ ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಹೊರಗಿನ ಹೆಣ್ಣು ತಂದರೆ ಗುಣ ಹೇಗೋ ಏನೋ, ನಮ್ಮದೇ ರಕ್ತವಾದರೆ ಚಿಂತೆಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ಸವಿತಾಳ ಚೊಚ್ಚಲ ಕೂಸು ಬೀಳಗಿಯಲ್ಲಿ ಒಂಬತ್ತನೆಯ ದಿನಕ್ಕೆ ಹೋಯಿತು. ಹೆಣ್ಣು. ಗಾಳಿ ಸೋಕಿತು ಅಂದರು. ಎರಡನೆಯ ಬಾಣಂತನ ನಮ್ಮ ಮನೆಯಲ್ಲೇ ಆಯಿತು, ಗಾಣದ ಭರಾಟೆಯ ದಿನಗಳಲ್ಲಿ. ಗಂಡು. ಮೂರು ದಿನ ಮುದ್ದಾಗಿ ಹಾಲು ಕುಡಿಯಿತು. ನಾಲ್ಕನೆಯ ದಿನ ಮೊಲೆ ಬಿಟ್ಟಿತು. ಆರನೆಯ ದಿನ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಕಾಲುಗಳು ಸೈಕಲ್ ತುಳಿದಂತೆ ಆಡತೊಡಗಿದವು. ಅಳು ಕೂಸಿನ ಅಳುವಿನಂತಿರಲಿಲ್ಲ, ಕಬ್ಬಿಣಕ್ಕೆ ಅರ ಉಜ್ಜಿದಂತಿತ್ತು.

"ವೈನಿ, ಬರಿ ಹಾಕು" ಅಂದ ಈರಪ್ಪ, ಅತ್ತಿಗೆಯಾದ ನನಗೆ. ಸೆಳವು ಬಂದ ಕೂಸಿಗೆ ಹೊಟ್ಟೆಯ ಮೇಲೆ ಬರೆ ಹಾಕುವುದು ನಮ್ಮ ಹಿರಿಯರು ಮಾಡಿಕೊಂಡು ಬಂದದ್ದು. ಬಳೆ ಚೂರನ್ನು ದೀಪದ ಕುಡಿಗೆ ಹಿಡಿದೆ. ಸವಿತಾ ಹಾಸಿಗೆಯಿಂದ ತೆವಳಿ ಬಂದು ನನ್ನ ಮುಂಗೈ ಕಚ್ಚಿದಳು. ಈರಪ್ಪನ ಹೆಂಡತಿ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದಳು. ನಾನು ಬರೆ ಹಾಕಿದೆ. ಹೊಕ್ಕುಳ ಸುತ್ತ ನಾಲ್ಕು. ಆ ಚರ್ಮ ಎಷ್ಟು ತೆಳುವಾಗಿತ್ತು ಎಂದು ನನ್ನ ಬೆರಳುಗಳಿಗೆ ಇನ್ನೂ ನೆನಪಿದೆ.

ಹತ್ತನೆಯ ದಿನ ಕೂಸು ಹೋಯಿತು. ಹೆಸರಿಡುವ ಮುನ್ನ ಹೋದ ಕೂಸುಗಳಿಗೆ ನಮ್ಮಲ್ಲಿ ಯಾವ ಕ್ರಿಯೆಯೂ ಇಲ್ಲ, ಲೆಕ್ಕವೂ ಇಲ್ಲ. ಹೊಲದ ಬದುವಿನಲ್ಲಿ ಹುಗಿದು ಬಂದರು. ಬಂದವನೇ ನಿಮ್ಮ ಅಪ್ಪ ಮಲ್ಲು ತೊಟ್ಟಿಲನ್ನು ಒದ್ದು ಮುರಿದ. ಗೂಟದ ಮೇಲಿನ ಬಾರಕೋಲು ತೆಗೆದು ಸವಿತಾಳನ್ನು ಹೊಡೆದ. ಹತ್ತು ದಿನದ ಬಾಣಂತಿ. ಮೊದಲ ಏಟಿಗೆ ಕೂಗಿದಳು, ಆಮೇಲೆ ಕೂಗಲಿಲ್ಲ. ನಾನು ಬಾಗಿಲಲ್ಲೇ ಇದ್ದೆ. ಬಾಯಿಗೆ ಸೆರಗು ಇಟ್ಟುಕೊಂಡು ನಿಂತೆ, ಬಿಡಿಸಲಿಲ್ಲ. ನಿಮ್ಮ ಅಪ್ಪನನ್ನು ಇವತ್ತು ನೀವು ನೋಡುವ ಕಣ್ಣಿನಿಂದಲೇ ನೋಡಿ. ಆದರೆ ಇದೂ ನಡೆದದ್ದು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಗಾಣಕ್ಕೆ ಒಂದು ಜೀಪು ಬಂತು. ಹೊರಗೆ ಒಂದು ದಪ್ಪ ಕೊಪ್ಪರಿಗೆ ಕುದಿಯುತ್ತಿತ್ತು, ಸವಿತಾ ಒಲೆಗೆ ಕಬ್ಬಿನ ಒಣ ಎಲೆಯ ರವದಿ ಹಾಕುತ್ತಿದ್ದಳು. ಇಳಿದವಳು ನಡುವಯಸ್ಸಿನ ತೆಳ್ಳನೆಯ ಹೆಂಗಸು. ಕೈಯಲ್ಲೊಂದು ದಪ್ಪ ವಹಿ.

"ನಮಸ್ಕಾರ್ರೀ. ನಾ ಶೈಲಾ ಅಂತ, ಬನಹಟ್ಟಿ ನೇಕಾರರ ಮಗಳು. ಡಾಕ್ಟರ್ ಅದೇನಿ, ಆದ್ರ ಗುಳಿಗಿ ಕೊಡು ಡಾಕ್ಟರ್ ಅಲ್ಲ. ಹುಟ್ಟಿದ ಹದಿನೈದು ದಿನದಾಗ ಕೂಸುಗಳು ಯಾಕ ಹೋಗ್ತಾವ ಅಂತ ಹುಡುಕೂದು ನನ್ನ ಕೆಲಸ."

ಈರಪ್ಪ ಕಬ್ಬಿನ ಹೊರೆಯ ಮೇಲೆ ಕುಳಿತಲ್ಲಿಂದ ಏಳಲಿಲ್ಲ. "ಹೋದ ಕೂಸು ಹುಡುಕಿ ಏನ್ ಮಾಡ್ತೀರಿ? ಹುಗದ ಜಾಗಾ ತೋರಸಲೇನು?"

ಆಕೆ ಅದಕ್ಕೆ ಸಿಟ್ಟಾಗಲಿಲ್ಲ. ಮುಧೋಳ, ಜಮಖಂಡಿ, ಬೀಳಗಿ ಎಂದು ಊರೂರು ತಿರುಗಿ ಇಂಥ ಮಾತು ಕೇಳಿ ಪಳಗಿದವಳು. ನನ್ನ ಕಡೆ ತಿರುಗಿ ಕೇಳಿದಳು.

"ಅವ್ವಾರ, ಕೂಸಿನ ಬಟ್ಟಿ ಏನರ ವಾಸನಿ ಬರ್ತಿತ್ತೇನ್ರಿ?"

ಗಾಣದ ಆಳುಗಳು ನಕ್ಕರು. "ಕೂಸಿನ ಬಟ್ಟಿ ಇನ್ನೇನ್ ಅತ್ತರ ನಾರತೈತೇನ್ರಿ?" ಅಂದ ಒಬ್ಬ.

"ಸಿಹಿ ವಾಸನಿ? ಬೆಲ್ಲದಂಗ?"

"ಗಾಣದ ಮನ್ಯಾಗ ಎಮ್ಮಿ ಸಗಣಿನೂ ಬೆಲ್ಲನ ನಾರತೈತ್ರಿ ಬಾಯಾರ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ಸೆರಗಿನೊಳಗೆ ನಕ್ಕೆ. ಖರೆ ಮಾತು ಅದೇ ಆಗಿತ್ತು. ಆ ದಿನಗಳಲ್ಲಿ ನಮ್ಮ ಸೀರೆ, ಕೂದಲು, ಹಾಸಿಗೆ, ಕುಡಿಯುವ ನೀರು ಎಲ್ಲವೂ ಬೆಲ್ಲವೇ. ಅಂಥಲ್ಲಿ ಕೂಸಿನ ಬಟ್ಟೆಯನ್ನು ಯಾರು ಬೇರೆಯಾಗಿ ಮೂಸಿ ನೋಡುತ್ತಾರೆ?

ಆಕೆ ವಹಿಯಲ್ಲಿ ಏನೋ ಬರೆದುಕೊಂಡು ಮೆಲ್ಲಗೆ ಕೇಳಿದಳು. "ಸೊಸಿ ನಿಮ್ಮ ತವರ ಮನಿಯಾಕಿ ಹೌದಲ್ರಿ? ನಿಮ್ಮ ತಾಯಿಯಾರೂ ಸಣ್ಣ ಕೂಸು ಕಳಕೊಂಡಿದ್ರೇನು?"

ನನ್ನ ಅವ್ವ ಎರಡು ಕಳೆದುಕೊಂಡಿದ್ದಳು. ಬಾಯಿ ತೆರೆಯುವ ಮೊದಲೇ ಈರಪ್ಪ ಎದ್ದು ನಿಂತ.

"ತಡಿರಿ, ತಡಿರಿ. ಅಂದ್ರ ಈ ವೈನಿ ತವರಿನ ಹೊಲಸು ರಕ್ತ ನಮ್ಮ ಮನಿಗೆ ಬಂದು ಕೂಸುಗಳನ್ನ ತಿನ್ನಾಕತ್ತೈತಿ ಅಂತೀರಿ? ಕೇಳ್ರೆಪಾ ಎಲ್ಲಾರೂ! ನಮ್ಮಣ್ಣನ್ನೂ ಇದ ತಿಂತೋ ಏನೋ!"

ಹತ್ತು ಗಂಡಸರು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ನೊರೆ ತೆಗೆಯುವ ಸೌಟು ಇತ್ತು, ಉದ್ದ ಕಬ್ಬಿಣದ ಹಿಡಿಕೆಯದು. ಅದರ ತುಂಬ ಕುದಿಯುವ ಪಾಕ. ಈರಪ್ಪನಿಗೆ ಬೀಸಬೇಕಾದ ಸೌಟನ್ನು ನಾನು ಆ ಡಾಕ್ಟರ್ ಹೆಂಗಸಿನತ್ತ ಬೀಸಿದೆ. ಮನೆಯ ಗಂಡಸಿಗೆ ಕೈ ಎತ್ತುವ ಧೈರ್ಯ ಇರಲಿಲ್ಲ. ಹೊರಗಿನವಳು ಸಿಕ್ಕಳು.

ಪಾಕ ಆಕೆಯ ಬಲಗೈ ಮೇಲೆ, ಮಣಿಕಟ್ಟಿನಿಂದ ಬೆರಳುಗಳವರೆಗೆ ಬಿತ್ತು. ಕುದಿನೀರಾದರೆ ಹರಿದು ಹೋಗುತ್ತದೆ, ಪಾಕ ಹಿಡಿದುಕೊಂಡು ಸುಡುತ್ತದೆ. ಆಕೆ ಕಬ್ಬಿನ ಹಾಲಿನ ತೊಟ್ಟಿಗೆ ಕೈ ಅದ್ದಿದಳು. ಹೊರಗೆ ತೆಗೆದಾಗ ಚರ್ಮ ಕೈಗವಸಿನಂತೆ ಜೋತುಬಿತ್ತು. ಆಳುಗಳಿಗೆ ಅಷ್ಟೇ ಸಾಕಾಗಿತ್ತು. ಕಬ್ಬು, ಕಲ್ಲು, ಕೈಗೆ ಸಿಕ್ಕಿದ್ದು ಹಿಡಿದು ಜೀಪಿನ ಮೇಲೆ ಬಿದ್ದರು. ಈರಪ್ಪ ಸಲಿಕೆಯಿಂದ ಮುಂದಿನ ಗಾಜು ಒಡೆದ. ಡ್ರೈವರನ ತಲೆಯಿಂದ ರಕ್ತ ಇಳಿಯಿತು. ಆಕೆಯ ವಹಿಯನ್ನು ಯಾರೋ ಒಲೆಗೆ ಎಸೆದರು. ಎಷ್ಟು ಊರುಗಳ ಸತ್ತ ಕೂಸುಗಳು ಅದರಲ್ಲಿದ್ದವೋ, ಭಗ್ಗನೆ ಉರಿದವು.

ಜೀಪು ಕುಂಟುತ್ತ ಹೋಯಿತು. ಕೇಸ್ ಆಗುತ್ತದೆ ಎಂದು ತಿಂಗಳುಗಟ್ಟಲೆ ಹೆದರಿದೆವು, ಆಗಲಿಲ್ಲ. ಎಷ್ಟೋ ದಿನದ ಮೇಲೆ ಡ್ರೈವರ್ ನನಗೆ ಹೇಳಿದ. ದಾರಿಯುದ್ದ ಅವನು "ಕೇಸ್ ಹಾಕೂಣ್ರಿ ಮೇಡಂ" ಅಂದನಂತೆ. ಆಕೆ, "ಹಾಕಿದ್ರ ಆ ಮನಿಯಾಗ ಮುಂದಿನ ಕೂಸು ಹುಟ್ಟಿದಾಗ ನನ್ನ ಒಳಗ ಬಿಡ್ತಾರೇನೋ?" ಅಂದಳಂತೆ.

ಆವತ್ತಿನಿಂದ ಈರಪ್ಪನ ಬಾಯಿಗೆ ಹೊಸ ಮಾತು ಸಿಕ್ಕಿತು. ಊಟದ ಹೊತ್ತಿಗೆ ನಿತ್ಯ ಅದೇ. "ಮಲ್ಲ್ಯಾ, ಇಕಿನ್ನ ಬೀಳಗಿಗೆ ಬಿಟ್ಟು ಬಾ. ಬ್ಯಾರೆ ಹೆಣ್ಣು ನೋಡೇನಿ ನಿನಗ." ಮುಂದಿನ ದೀಪಾವಳಿ ಕಳೆಯುವಷ್ಟರಲ್ಲಿ ಸವಿತಾ ಮತ್ತೆ ಬಸುರಿ. ಹೊಟ್ಟೆ ಕಾಣುತ್ತಿದ್ದಂತೆ ಅವನು ಕೊನೆಯ ಮಾತು ಹೇಳಿದ. "ಇದೊಂದು ನೋಡೂಣು. ಇದೂ ಹೋತಂದ್ರ ಕೂಸಿನ ಹಿಂದ ಅವ್ವನೂ ಹೊರಗ." ನಿಮ್ಮ ಅಪ್ಪ ತಲೆ ಎತ್ತಲಿಲ್ಲ. ಹಾಗೆ ಮೂರನೆಯ ಕೂಸಿನ ಜೀವಕ್ಕೆ ನಿಮ್ಮ ಅವ್ವನ ಬದುಕನ್ನೂ ಕಟ್ಟಿಬಿಟ್ಟರು. ನನ್ನ ಅಣ್ಣನೂ ಕಾಲು ಹಿಂದೆ ತೆಗೆದ, ಬಾಣಂತನಕ್ಕೆ ಕರೆಯಲು ಬರಲಿಲ್ಲ.

ಆ ಮಳೆಗಾಲವೂ ಸಿಟ್ಟು ಹಿಡಿದು ಬಂತು. ಮೊದಲ ಗಾಳಿಗೇ ಗಾಣದ ತಗಡುಗಳು ಕಿತ್ತು ಹಾರಿದವು. ಒಂದು ತಗಡು ಗೂಟಕ್ಕೆ ಕಟ್ಟಿದ್ದ ಎಮ್ಮೆಯ ಕೊರಳು ಸೀಳಿತು. ನಾವು ಓಡಿ ಹೋಗುವಷ್ಟರಲ್ಲಿ ಅದು ತನ್ನದೇ ರಕ್ತದ ಕೆಸರಿನಲ್ಲಿ ಕಾಲು ಬಡಿಯುತ್ತಿತ್ತು. ಎದ್ದು ನಿಂತ ಕಬ್ಬು ಚಾಪೆ ಹಾಸಿದಂತೆ ಮಲಗಿತು. ಘಟಪ್ರಭೆ ಕೆಂಪಾಗಿ ಉಕ್ಕಿ ದಂಡೆಯ ಹೊಲಗಳನ್ನು ನುಂಗಿತು. ಮುಧೋಳಕ್ಕೆ ಹೋಗುವ ಸೇತುವೆಯ ಮೇಲೆ ನೀರು ಹತ್ತಿತು. ಕೊಪ್ಪರಿಗೆಯನ್ನು ತಂದು ಹಿತ್ತಲಲ್ಲಿ ಮಗುಚಿ ಹಾಕಿದ್ದೆವು, ಅದರ ಕೆಳಗೆ ಕಪ್ಪೆಗಳು ಸಂಸಾರ ಹೂಡಿದ್ದವು.

ನಾಗರಪಂಚಮಿಯ ಹಿಂದಿನ ದಿನ ಸಮರ್ಥ, ನೀನು ಹುಟ್ಟಿದೆ. ಯಾರೂ ಪೇಢೆ ಹಂಚಲಿಲ್ಲ. ಎಲ್ಲರೂ ದಿನ ಎಣಿಸುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ನಿನ್ನ ಒದ್ದೆ ಬಟ್ಟೆ ಹಿಂಡುವಾಗ ನನ್ನ ಕೈ ನಿಂತಿತು. ಪಾಕದ ವಾಸನೆ. "ಇಳಸ್ರಿ" ಅನ್ನುವ ಹೊತ್ತಿನ ವಾಸನೆ. ಮೊದಲು ನನಗೆ ಬುದ್ಧಿ ಕೆಟ್ಟಿತು ಅಂದುಕೊಂಡೆ. ಹಿತ್ತಲಿಗೆ ಹೋಗಿ ಕೊಪ್ಪರಿಗೆ ಮೂಸಿದೆ, ಜಂಗು ಹಿಡಿದ ಕಬ್ಬಿಣ ಮತ್ತು ಕಪ್ಪೆಯ ವಾಸನೆ. ಬೆಲ್ಲದ ಡಬ್ಬಿ ತೆಗೆದೆ, ತಳದಲ್ಲಿ ಹಳೆಯ ತೇವದ ಚೂರು, ಅದರ ವಾಸನೆ ಬೇರೆ. ಬೀದಿಗೆ ಇಳಿದೆ. ಇಡೀ ಊರು ಕೆಸರು, ತೋಯ್ದ ಮೇವು, ಸತ್ತ ಎಮ್ಮೆ ನಾರುತ್ತಿತ್ತು. ಊರಲ್ಲಿ ಬೆಲ್ಲದ ಒಲೆ ಆರಿ ತಿಂಗಳುಗಳಾಗಿದ್ದವು. ತಿರುಗಿ ಬಂದು ನಿನ್ನ ಬಟ್ಟೆ ಮೂಸಿದೆ. ನಿನ್ನ ಕಿವಿಯ ಹಿಂದೆ ಮೂಸಿದೆ. ಬೆಲ್ಲ ನಿನ್ನೊಳಗೆ ಕುದಿಯುತ್ತಿತ್ತು.

ಹಿಂದಿನ ಎರಡು ಕೂಸುಗಳೂ ಹೀಗೇ ನಾರಿರಬೇಕು. ನನ್ನ ಅವ್ವ ಕಳೆದುಕೊಂಡವೂ. ಎರಡನೆಯದಂತೂ ತಪ್ಪದ ಮೂಗು ಎಂದು ಮೆರೆದ ನನ್ನ ಮುಂದೆಯೇ ನಾರಿತ್ತು.

ತಿರುಗಿ ನೋಡಿದರೆ ಸವಿತಾ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

"ನಿಮಗೂ ಬಂತೇನ್ರಿ ಅತ್ತಿ?"

"ನಿನಗ ಯಾವಾಗ ಬಂತು?"

"ನಿನ್ನೆನ. ಹೇಳಿದ್ರ ನೀವು ಬಳಿ ಚೂರು ಕಾಸ್ತೀರಿ ಅಂತ ಅಂಜಿ ಹೇಳಲಿಲ್ಲ." ಅವಳು ಕುಂಕುಮದ ಭರಣಿಯ ಮುಚ್ಚಳದೊಳಗಿಂದ ಮಡಚಿದ ಕಾಗದ ತೆಗೆದಳು. ಗಾಣದಲ್ಲಿ ಶೈಲಾಳ, ಊರವರು ಡಾಕ್ಟರ್ ಬಾಯಿ ಅನ್ನುವವಳ, ಕೈಯಿಂದ ಬಿದ್ದ ಫೋನ್ ನಂಬರಿನ ಚೀಟಿ. ರವದಿಯ ಜೊತೆ ಒಲೆಗೆ ಹೋಯಿತು ಅಂದುಕೊಂಡಿದ್ದೆ. "ಅವರಿಗೆ ಫೋನ್ ಹಚ್ಚೇನಿ. ಹೊಳಿ ಆಚಿ ದಂಡಿಗೆ ಬಂದು ನಿಂದರ್ತೇನಿ, ಹೆಂಗರ ಮಾಡಿ ದಾಟಸ್ರಿ ಅಂದಾರ."

ಅಷ್ಟರಲ್ಲಿ ನೀನು ಕೂಗಿದೆ. ಅದೇ ಕಬ್ಬಿಣದ ಅಳು. ಬೆನ್ನು ಬಾಗತೊಡಗಿತು.

ಅಳು ಕೇಳಿ ಈರಪ್ಪ ಒಳಗೆ ಬಂದ. ಒಲೆಯ ಮುಂದೆ ಕುಳಿತು ಇಕ್ಕಳದಲ್ಲಿ ಬಳೆ ಚೂರು ಹಿಡಿದು ಕೆಂಡದಲ್ಲಿಟ್ಟ. "ವೈನಿ, ನಿನ್ನ ಕೈ ನಡಗಿದ್ರ ನಾ ಹಾಕ್ತೇನಿ. ಸರಿ ಆಚಿ."

"ಬ್ಯಾಡ, ಈರಪ್ಪಾ."

"ಏನ ಬ್ಯಾಡ? ಆ ನೇಕಾರಾಕಿ ಬಂದು ಉಳಸ್ತಾಳೇನ?" ಅವನು ಸವಿತಾಳ ಎದೆಗೆ ಕಾಲಿಟ್ಟು ಹಿಂದಕ್ಕೆ ನೂಕಿದ, ಅವಳ ತಲೆ ಬೀಸುವ ಕಲ್ಲಿಗೆ ಬಡಿಯಿತು. ಕೂಸಿನ ಹೊಟ್ಟೆಯ ಬಟ್ಟೆ ಸರಿಸಿದ. ಇಕ್ಕಳದ ತುದಿಯಲ್ಲಿ ಬಳೆ ಚೂರು ಕೆಂಪಗೆ ಇತ್ತು.

ಮೂಲೆಯಲ್ಲಿ ಗಾಣದ ಸೌಟು ನಿಂತಿತ್ತು. ಅದೇ ಸೌಟು. ಎರಡು ಕೈಯಿಂದ ಎತ್ತಿ ಅವನ ಮಣಿಕಟ್ಟಿನ ಮೇಲೆ ಹೊಡೆದೆ. ಎಲುಬು ಮುರಿದ ಸದ್ದು ಹಸಿ ಕಬ್ಬು ಮುರಿದ ಹಾಗೇ ಇತ್ತು. ಇಕ್ಕಳ ಹಾರಿತು. ಅವನು ಎಡಗೈಯಿಂದ ನನ್ನ ಕೂದಲಿಗೆ ಕೈ ಹಾಕಿದ. ಮತ್ತೆ ಹೊಡೆದೆ, ಭುಜಕ್ಕೆ. ಮತ್ತೆ. ಅವನು ಹೊಸ್ತಿಲಲ್ಲಿ ಕುಸಿದ ಮೇಲೂ ಹೊಡೆದೆ ಎಂದು ಸವಿತಾ ಹೇಳುತ್ತಾಳೆ. ನನಗೆ ಅದು ನೆನಪಿಲ್ಲ. ನೆನಪಿರುವುದು ನನ್ನ ದನಿ. ಮೂವತ್ತು ವರ್ಷ ಆ ಮನೆಯಲ್ಲಿ ಬಾಳಿದರೂ ಯಾರೂ ಕೇಳದ ದನಿ.

"ಮಲ್ಲ್ಯಾ! ಟ್ರ್ಯಾಕ್ಟರ್ ತಗೀ! ನಿಂದರಬ್ಯಾಡ, ನಿನಗೂ ಬೀಳತಾವ!"

ನಿಮ್ಮ ಅಪ್ಪ ಅಂಗಳದಲ್ಲಿ ಬಾಯಿ ತೆರೆದು ನಿಂತವನು ಓಡಿದ.

ಸೇತುವೆಯ ಕಟ್ಟೆಗಲ್ಲುಗಳು ಕಾಣುತ್ತಿರಲಿಲ್ಲ. ನೀರು ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಅರ್ಧಕ್ಕೆ ಬಂತು. ಒಂದು ಬೇರು ಸಹಿತ ಜಾಲಿ ಗಿಡ ತೇಲಿ ಬಂದು ನಮಗೆ ಡಿಕ್ಕಿ ಹೊಡೆಯಿತು, ಗಾಡಿ ಒಂದು ಮೊಳ ಬದಿಗೆ ಸರಿಯಿತು. ಸವಿತಾಳ ತಲೆಯ ರಕ್ತ ಮಳೆಯಲ್ಲಿ ಕರಗಿ ನಿನ್ನ ದುಪಟಿಯ ಮೇಲೆ ಇಳಿಯುತ್ತಿತ್ತು. ನಾನು ನಿನ್ನನ್ನು ಎದೆಗೆ ಕಟ್ಟಿಕೊಂಡಿದ್ದೆ. "ಎಡಕ್ಕ ಒತ್ತು, ಎಡಕ್ಕ ಒತ್ತಲೇ!" ಎಂದು ಆಚೆ ದಂಡೆಯಿಂದ ಜನ ಕೂಗುತ್ತಿದ್ದರು. ಅವರ ಮುಂದೆ ಮೊಳಕಾಲು ನೀರಿನಲ್ಲಿ ಡಾಕ್ಟರ್ ಬಾಯಿ ನಿಂತಿದ್ದಳು.

ಆಕೆ ನನ್ನ ಕೈಯಿಂದಲೇ ನಿನ್ನನ್ನು ಎತ್ತಿಕೊಂಡಳು. ಬಲಗೈಯ ಚರ್ಮ ಗುಲಾಬಿ ಬಣ್ಣದಲ್ಲಿ ಮಡಿಕೆ ಬಿದ್ದು, ಎರಡು ಬೆರಳು ಪೂರ್ತಿ ಚಾಚುತ್ತಿರಲಿಲ್ಲ. ನಿನ್ನ ತಲೆ ಮೂಸಿದಳು. ನನ್ನ ಮುಖ ನೋಡಿದಳು.

"ಹದ ಗುರುತು ಹಿಡದೀರಿ, ಅವ್ವಾರ" ಅಂದಳು. ಆಮೇಲೆ ಸವಿತಾಳಿಗೆ, "ಎದಿ ಹಾಲು ಕುಡಿಸಿ ಎಷ್ಟೊತ್ತಾತು?"

"ಈಗ ಗಾಡ್ಯಾಗ ಕುಡಸಾಕ ನೋಡಿದೆ..."

"ಇನ್ನ ಬ್ಯಾಡವಾ. ಒಂದು ಹನಿನೂ ಬ್ಯಾಡ."

ಮುಧೋಳದ ದವಾಖಾನೆಯಲ್ಲಿ ನಿನಗೆ ಸಕ್ಕರೆ ನೀರಿನ ಸಲಾಯಿನ್ ಏರಿಸಿದರು, ಅಲ್ಲಿಂದ ಆಕೆಯದೇ ಗಾಡಿಯಲ್ಲಿ ದೊಡ್ಡ ಊರಿನ ದವಾಖಾನೆಗೆ ಹೋದೆವು. ಆಕೆ ಆ ಮಡಿಕೆ ಬಿದ್ದ ಕೈಯಿಂದ ನಿನ್ನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲಿನ ಗೋಲಗಳನ್ನು ಒಂದೊಂದಾಗಿ ರಕ್ತದಿಂದ ತುಂಬಿದಳು. ಬೆರಳು ಚಾಚಲಾಗದೆ ಆ ಕಾಗದ ಜಾರಿದಾಗ ನಾನು ಹಿಡಿದುಕೊಟ್ಟೆ. ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಸೆರಗಿನ ತುದಿಯಿಂದ ಆ ಕೈ ಒರೆಸಿದೆ, ಅದಕ್ಕೆ ಏನೂ ಅಂಟಿರದಿದ್ದರೂ.

"ಆವತ್ತಿನ ಪಾಕ ಛಲೋ ಹದಕ್ಕ ಬಂದಿತ್ತು ನೋಡ್ರಿ. ಇನ್ನೂ ಬಿಟ್ಟಿಲ್ಲ" ಅಂದಳು ಆಕೆ.

ರಕ್ತದ ಫಲಿತಾಂಶ ಬಂದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತಿಳಿಸಿದಳು. ಹಾಲು, ಬೇಳೆ, ಜೋಳ ಎಲ್ಲದರಲ್ಲೂ ಇರುವ ಪ್ರೋಟೀನಿನ ಮೂರು ಚೂರುಗಳನ್ನು ಅರಗಿಸುವ ಶಕ್ತಿ ನಿನ್ನ ಮೈಯಲ್ಲಿಲ್ಲ. ಅರಗದ್ದು ರಕ್ತದಲ್ಲಿ ಏರಿ ಮಿದುಳಿಗೆ ವಿಷವಾಗುತ್ತದೆ, ಮೂತ್ರಕ್ಕೆ ಆ ವಾಸನೆ ಕೊಡುತ್ತದೆ. ಪರದೇಶದವರು ಅವರಲ್ಲಿನ ಯಾವುದೋ ಮರದ ಪಾಕದ ಹೆಸರನ್ನು ಈ ರೋಗಕ್ಕೆ ಇಟ್ಟಿದ್ದಾರಂತೆ. "ಮುಧೋಳದಾಗ ಕಂಡು ಹಿಡಿದಿದ್ರ ಬೆಲ್ಲದ ಹೆಸರು ಇಡ್ತಿದ್ರು" ಅಂದಳು.

ಎಲ್ಲಿಂದ ಬಂತು ಅಂದರೆ, ಆಕೆ ತನ್ನ ಮನೆಯ ಕಸುಬಿನ ಮಾತಿನಲ್ಲೇ ಹೇಳಿದಳು. "ಎರಡೆಳಿ ಹುರಿ ನೂಲು ನೋಡೀರಲ್ರಿ? ಒಂದೆಳಿ ಕಡದಿದ್ರೂ ನೂಲು ತಡೀತೈತಿ, ನೇಯೂದು ನಡೀತೈತಿ, ಯಾರಿಗೂ ಕಾಣೂದಿಲ್ಲ. ಎರಡೂ ಎಳಿ ಅದ ಜಾಗಾದಾಗ ಕಡದಿದ್ರ ಅಲ್ಲಿ ತೂತು. ಮನುಷ್ಯಾರಿಗೂ ಒಂದೆಳಿ ಅಪ್ಪಂದು, ಒಂದೆಳಿ ಅವ್ವಂದು. ನಿಮ್ಮಲ್ಲಿ ಒಂದು ಕಡದೈತಿ, ನಿಮ್ಮಣ್ಣನಲ್ಲೂ ಅದ ಒಂದು. ನಿಮ್ಮಿಂದ ಮಗನಿಗೆ ಬಂತು, ಅವರಿಂದ ಮಗಳಿಗೆ ಬಂತು. ಇಬ್ಬರನ್ನೂ ನೀವ ಕೂಡಿಸಿದ್ರಿ."

ಆಕೆ ಹೊಸ ವಹಿಯಲ್ಲಿ ಹೆಣ್ಣಿಗೆ ಗೋಲ, ಗಂಡಿಗೆ ಚೌಕ ಬರೆದು ಗೆರೆ ಎಳೆಯುತ್ತ ನನ್ನ ಅವ್ವನ ಮಕ್ಕಳ ಬಗ್ಗೆ ಕೇಳಿದಳು. ಈ ಸಲ ಹೇಳಿದೆ. ಸತ್ತ ಎರಡಕ್ಕೂ ಆಕೆ ಗುರುತಿನ ಮೇಲೆ ಓರೆ ಗೆರೆ ಎಳೆದಳು. ಸವಿತಾಳ ಎರಡಕ್ಕೂ ಎಳೆದಳು. ಲೆಕ್ಕವಿಲ್ಲದೆ ಬದುವಿನಲ್ಲಿ ಹುಗಿಸಿಕೊಂಡ ಕೂಸುಗಳು ಮೊದಲ ಸಲ ಒಂದು ಕಾಗದದ ಮೇಲೆ ಬಂದವು.

ಆ ಹದಿನೈದು ದಿನಗಳಷ್ಟು ಕ್ರೂರ ದಿನಗಳನ್ನು ನಾನು ಕಂಡಿಲ್ಲ. ಹೊಡೆದಾಟಕ್ಕಿಂತ ಕ್ರೂರ. ಯಾಕೆಂದರೆ ಇದನ್ನು ಪ್ರೀತಿಯಿಂದ ಮಾಡಬೇಕಿತ್ತು. ನೀನು ಹಸಿದು ಬಾಯಿ ಆಡಿಸುತ್ತಿದ್ದೆ. ನಿನ್ನ ಅವ್ವನ ಎದೆ ಕಲ್ಲಾಗಿ, ಕುಪ್ಪಸ ತೊಯ್ದು, ಜ್ವರ ಬಂದಿತ್ತು. ನಿನ್ನನ್ನು ಅವಳ ಕೈಗೆ ಕೊಡದೆ ನಾನು ಹಿಡಿದುಕೊಂಡಿರಬೇಕಿತ್ತು. ಒಂದು ಮಧ್ಯಾಹ್ನ ಅವಳು ನನ್ನ ಮೇಲೆ ಬಿದ್ದು ನಿನ್ನನ್ನು ಕಸಿಯಲು ನೋಡಿದಳು. ಉಗುರಿನಿಂದ ನನ್ನ ಕೆನ್ನೆ ಗೀರಿದಳು. "ಎರಡು ತಿಂದಿ, ಇದನ್ನೂ ತಿಂತಿ ಏನ?" ಅಂದಳು. ನಾನು ತಿರುಗಿ ಹೊಡೆಯಲಿಲ್ಲ. ನಿನ್ನನ್ನು ಕೊಡಲೂ ಇಲ್ಲ. ಕೊನೆಗೆ ಅವಳು ಗೋಡೆಗೆ ಎದೆ ಒತ್ತಿ ಹಾಲು ಹಿಂಡಿ ನೆಲಕ್ಕೆ ಬಿಟ್ಟಳು. ಆ ಹೊತ್ತಿಗೆ ಡಾಕ್ಟರ್ ಬಾಯಿ ಎಲ್ಲೆಲ್ಲಿಗೋ ಫೋನು ಮಾಡಿ ತರಿಸಿದ ಪುಡಿಯ ಡಬ್ಬಿ ಬಂತು. ಕೆಟ್ಟ ವಾಸನೆಯ ಪುಡಿ. ಚಮಚದಲ್ಲಿ ಇಟ್ಟೆ, ನೀನು ನುಂಗಿದೆ. ಹನ್ನೊಂದನೆಯ ದಿನ ಬೆನ್ನು ನೆಟ್ಟಗಾಯಿತು. ಹದಿಮೂರನೆಯ ದಿನ, ನಮ್ಮಲ್ಲಿ ಹೆಸರಿಡುವ ದಿನ, ಡಾಕ್ಟರ್ ಬಾಯಿಯೇ ವಹಿಯಲ್ಲಿ ಚೌಕದ ಕೆಳಗೆ ಖಾಲಿ ಬಿಟ್ಟ ಜಾಗ ತೋರಿಸಿ, "ಇಲ್ಲಿ ಏನ್ ಬರಿಲಿ?" ಅಂದಳು. ಸವಿತಾ ನಿನ್ನ ಹೆಸರು ಹೇಳಿದಳು.

ಮನೆಗೆ ಬಂದಾಗ ಈರಪ್ಪ ಹೊಲ ಪಾಲು ಮಾಡಿಕೊಂಡು ಬೇರೆ ಹೋಗಿದ್ದ. ಅವನ ಮಣಿಕಟ್ಟು ಇವತ್ತಿಗೂ ಸೊಟ್ಟ, ನನ್ನ ಎದುರು ಬಂದರೆ ಆ ಕೈಯನ್ನು ಧೋತರದೊಳಗೆ ಮರೆ ಮಾಡುತ್ತಾನೆ. ನಿಮ್ಮ ಅಪ್ಪ ಬಾರಕೋಲನ್ನು ಒಲೆಗೆ ಹಾಕಿದ. ಅದರ ಬಗ್ಗೆ ಅವನೂ ಸವಿತಾಳೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ಅದು ಅವರದು. ಡಾಕ್ಟರ್ ಬಾಯಿ ಇನ್ನೂ ಊರೂರು ತಿರುಗುತ್ತಾಳೆ. ಗಾಣ ಹೂಡಿದ ಊರಿಗೆ ಹೋದರೆ, ಕೂಸಿನ ಬಟ್ಟೆಯನ್ನು ಬೇರೆ ಊರಿಗೆ ಒಯ್ದು ಮೂಸಿ ಎಂದು ಹೇಳುತ್ತಾಳಂತೆ. ಅದು ಅವಳಿಗೆ ನಮ್ಮ ಮನೆ ಕಲಿಸಿದ ಪಾಠ.

ಸಮರ್ಥ, ನಿನಗೆ ರೊಟ್ಟಿ ಯಾಕೆ ಇಲ್ಲ, ಮೊಸರು ಯಾಕೆ ಇಲ್ಲ, ಅನ್ನವನ್ನು ಯಾಕೆ ತೂಗಿ ಹಾಕುತ್ತಾರೆ, ಅಕ್ಷರ ಯಾಕೆ ನಿಧಾನ ಎಂದು ನೀನು ಕೇಳುತ್ತಿದ್ದೆಯಲ್ಲ. ಊಟದ ಕಟ್ಟು ಈ ರೋಗದಿಂದ, ಅಕ್ಷರ ನಿಧಾನವಾದದ್ದು ಆ ಐದು ದಿನಗಳಿಂದ. ಒಂದು ದಿನ ಮೊದಲೇ ನನ್ನ ಮೂಗು ಎಚ್ಚೆತ್ತಿದ್ದರೆ ನಿನ್ನ ಮಿದುಳು ಇನ್ನಷ್ಟು ಉಳಿಯುತ್ತಿತ್ತೋ ಏನೋ.

ಶ್ರಾವಣಿ, ನೀನು ಹೊಟ್ಟೆಯಲ್ಲಿದ್ದಾಗಲೇ ನೋಡಿಸಿದೆವು. ನಿನಗೆ ರೋಗವಿಲ್ಲ. ಆದರೆ ನಿನ್ನಲ್ಲೂ ಒಂದೆಳೆ ಕಡಿದಿದೆ. ಇದನ್ನು ನಿನಗೆ ಹೇಳುವ ಧೈರ್ಯ ಇಷ್ಟು ವರ್ಷ ನನಗಿರಲಿಲ್ಲ.

ಮೊನ್ನೆ ದೀಪಾವಳಿಗೆ ಬೀಳಗಿಯಿಂದ ನನ್ನ ಅಣ್ಣ, ನಿಮ್ಮ ಅವ್ವನ ಅಪ್ಪ, ಬಂದಿದ್ದ. ಅಷ್ಟು ವರ್ಷ ಮುನಿಸಿಕೊಂಡವನು ಬಂದನಲ್ಲ ಎಂದು ಎಲ್ಲರೂ ಹಿಗ್ಗಿದರು. ಹೋಗುವಾಗ ನಿನ್ನ ಕೈಗೆ ಹಸಿರು ಬಳೆ ತೊಡಿಸಿ, "ಇಕಿ ನಮ್ಮ ಮೊಮ್ಮಗನ ಹೆಣ್ಣು" ಅಂದ. ಎಲ್ಲರೂ ನಕ್ಕರು. ನೀನೂ ನಾಚಿ ಒಳಗೆ ಓಡಿದೆ. ಅವನ ಮಗನ ಮಗನಾದ ಆ ಹುಡುಗನ ರಕ್ತ ಯಾರೂ ನೋಡಿಲ್ಲ. ನೋಡೋಣ ಅಂದರೆ, "ನಮ್ಮ ರಕ್ತಕ್ಕ ಹೆಸರಿಡತೀ ಏನವಾ?" ಅನ್ನುತ್ತಾನೆ. ನಾನು ಒಂದು ಕಾಲಕ್ಕೆ ಅಂದದ್ದೂ ಅದೇ ಮಾತು. ಸೌಟಿನಿಂದ ಅಂದಿದ್ದೆ, ಅಷ್ಟೇ.

ಮರುದಿನ ನೀನು ಸ್ನಾನಕ್ಕೆ ಬಿಚ್ಚಿಟ್ಟ ಬಳೆಗಳು ಬಚ್ಚಲ ಕಲ್ಲಿನ ಮೇಲೆ ಪುಡಿಯಾಗಿದ್ದವು. ಬೆಕ್ಕು ಕೆಡವಿತು ಎಂದು ನೀನು ಅತ್ತಿದ್ದೆಯಲ್ಲ, ಒಡೆದದ್ದು ಬೆಕ್ಕಲ್ಲ, ನಾನು. ರುಬ್ಬುಗುಂಡಿನಿಂದ ಒಂದೊಂದನ್ನೇ ಒಡೆದೆ. ಒಂದು ಚೂರೂ ದೀಪಕ್ಕೆ ಹಿಡಿಯುವಷ್ಟು ಉಳಿಯದ ಹಾಗೆ ಒಡೆದೆ.

ನಾನು ಇದನ್ನು ನನ್ನ ಅಣ್ಣನ ಮುಂದೆ ಹೇಳಲಾರೆ. ಹೇಳುವ ದಿನದವರೆಗೆ ಇರುತ್ತೇನೋ ಇಲ್ಲವೋ. ಅದಕ್ಕೇ ಈ ಹಾಳೆಗಳನ್ನು ಸಮರ್ಥನ ಮೊದಲ ಪುಡಿಯ ಖಾಲಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ನನ್ನ ಟ್ರಂಕಿನ ತಳದಲ್ಲಿದೆ. ಡಾಕ್ಟರ್ ಬಾಯಿ ಬರೆದ ಗೋಲ ಚೌಕಗಳ ಕಾಗದದ ನಕಲೂ ಅದರಲ್ಲಿದೆ. ನಿನ್ನ ಕೈಗೆ ಯಾರು ಬಳೆ ತಂದರೂ ಶ್ರಾವಣಿ, ಕೈ ಚಾಚುವ ಮೊದಲು ಇದನ್ನು ಅವರ ಕೈಗೆ ಕೊಡು. ಅವರ ಕಡೆಯಿಂದ ರಕ್ತದ ಕಾಗದ ಬರುವವರೆಗೆ ಮುಷ್ಟಿ ಬಿಚ್ಚಬೇಡ. ಸಮರ್ಥ, ತಂಗಿ ಅಂಜಿದರೆ ನೀನು ಓದು. ತಡವಾದರೂ ಪರವಾಗಿಲ್ಲ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಎಲ್ಲರೂ ಕೇಳುವ ಹಾಗೆ ಓದು.

ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ನೀರು ಹೋಗುವುದಿಲ್ಲ. ಹಾಳೆಗಳನ್ನು ಜೋಪಾನ ಮಾಡಿ.